ಬಚ್ಚಲ ಹಿಂದಿನ ಡೇರೆ

ನಾಗವೇಣಿ ಅತ್ತಿತ್ತ ನೋಡಿ ಮೊಗ್ಗನ್ನು ಚಿವುಟಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಗಂಡನ ಧ್ವನಿ ಬಂತು.

“ಮೊಗ್ಗು ಎಂತಾಯ್ತು ಮಾರಾಯ್ತಿ? ನಿನ್ನೆ ಇತ್ತಲ್ಲ.”

“ಬಸವನಹುಳು ತಿಂದಿರಬೇಕು ಕಣ್ರಿ.”

ಜಯದೇವಪ್ಪ ಒಳಗೆ ಹೋಗಿ, ಒಲೆಯ ಬೂದಿ ತಂದು ಗಿಡದ ಬುಡದ ಸುತ್ತ ಉದುರಿಸಿದ. ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಮನುಷ್ಯ ಅವನು. ದಾಸವಾಳವೂ ಗುಲಾಬಿಯೂ ಅವನ ಲೆಕ್ಕದಲ್ಲಿ ‘ಕೆಂಪು ಹೂ’. ಅಂಥವನಿಗೆ ಈ ಒಂದು ಗಿಡದ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಅಕ್ಕರೆ ಯಾಕೋ ನಾಗವೇಣಿಗೆ ತಿಳಿಯಲಿಲ್ಲ. ತಿಳಿಯದ್ದಕ್ಕೇ ಹೆದರಿಕೆ.

ಅದು ಡೇರೆ ಗಿಡ, ಪೇಟೆಯವರ ಡೇಲಿಯಾ. ಡೇರೆ ಗೆಡ್ಡೆಯನ್ನು ಕೇಳಿ ತರುವುದಕ್ಕಿಂತ ಕದ್ದು ತಂದರೆ ಚೆನ್ನಾಗಿ ಬರುತ್ತದೆ ಎಂಬುದು ಆ ಕಡೆಯ ಹೆಂಗಸರ ನಂಬಿಕೆ. ನಾಗವೇಣಿಯೂ ಕದ್ದೇ ತಂದಿದ್ದಳು. ಕದ್ದದ್ದು ತಪ್ಪಾಗಿರಲಿಲ್ಲ, ಕದ್ದ ಮನೆ ತಪ್ಪಾಗಿತ್ತು.

ಅದು ಶೃಂಗೇರಿ ಹತ್ತಿರದ ಬೇಗಾರಿನಲ್ಲಿರುವ ನಾದಿನಿ ನೀಲಾಂಬಿಕೆಯ ಮನೆ. ತಂದೆಯ ಜಮೀನಿನಲ್ಲಿ ಪಾಲು ಬೇಕೆಂದು ನೀಲಾಂಬಿಕೆ ಅಣ್ಣನ ಮೇಲೆ ಕೋರ್ಟಿಗೆ ಹೋಗಿದ್ದಳು. ನೋಟಿಸು ಬಂದ ದಿನ ಜಯದೇವಪ್ಪ ನೆಂಟರೆಲ್ಲರ ಎದುರು ದೇವರ ದೀಪ ಮುಟ್ಟಿ ಆಣೆ ಹಾಕಿದ. “ಈ ಮನೆಯವರು ಯಾರೇ ಆಗಲಿ, ಅವಳ ಹೊಸಿಲು ತುಳಿದರೆ ಮತ್ತೆ ಈ ಹೊಸಿಲು ತುಳಿಯೋ ಹಾಗಿಲ್ಲ.” ಅಂದಿನಿಂದ ಅವನ ಎದುರು ಯಾರೂ ಆ ಹೆಸರೆತ್ತಿದ್ದಿಲ್ಲ.

ಆದರೆ ನಾಗವೇಣಿ ಮದುವೆಯಾಗಿ ಬಂದಾಗ ನೀಲಾಂಬಿಕೆ ಇನ್ನೂ ಜಡೆ ಹಾಕಿಸಿಕೊಳ್ಳುವ ಹುಡುಗಿ. ಆ ಜಡೆ ಹೆಣೆದ ಕೈ ಇವಳದು. ಈ ಬೇಸಿಗೆಯಲ್ಲಿ ಅವಳಿಗೆ ಆಪರೇಷನ್ ಆಗಿದೆ ಎಂಬ ಸುದ್ದಿ ಬಂದಾಗ ಮನಸ್ಸು ತಡೆಯಲಿಲ್ಲ. ಶೃಂಗೇರಿಗೆ ದರ್ಶನಕ್ಕೆ ಹೋಗುತ್ತೇನೆಂದು ಹೇಳಿ ಬೇಗಾರಿಗೆ ಹೋದಳು. ಹೇಳಿದ ಸುಳ್ಳು ಪೂರ್ತಿ ಸುಳ್ಳಾಗಬಾರದೆಂದು ಮೊದಲು ಶಾರದಾಂಬೆಗೆ ಕೈಮುಗಿದೇ ಹೋದಳು.

ನೀಲಾಂಬಿಕೆಯ ಬಚ್ಚಲ ಹಿಂದೆ ಎರಡು ಡೇರೆ ಬುಡಗಳಿದ್ದವು. ಒಂದು ಎಲ್ಲರ ಮನೆಯಲ್ಲೂ ಇರುವ ಕೆಂಪು. ಇನ್ನೊಂದು, ನೋಟಿಸಿನ ಮರುವರ್ಷ ನೀಲಾಂಬಿಕೆಯ ಗಂಡ ಊಟಿಯಿಂದ ತಂದದ್ದು. ಕಡುಗೆಂಪು ಹೂ, ಪ್ರತಿ ಎಸಳಿಗೂ ಬಿಳಿ ಅಂಚು. ನೀಲಾಂಬಿಕೆ ಅದನ್ನು ವರ್ಣಿಸಿದ್ದೇ ವರ್ಣಿಸಿದ್ದು. ಬೇಸಿಗೆಗೆ ಎರಡೂ ಒಣಗಿ, ನೆಲದೊಳಗೆ ಗೆಡ್ಡೆ ಮಾತ್ರ ಉಳಿದಿತ್ತು. ಹೊರಡುವ ಗಡಿಬಿಡಿಯಲ್ಲಿ ನಾಗವೇಣಿ ಒಂದು ಗೆಡ್ಡೆ ಕಿತ್ತು ಚೀಲಕ್ಕೆ ಹಾಕಿಕೊಂಡಳು. ಯಾವುದರದೆಂದು ಅವಳಿಗೇ ಗೊತ್ತಿರಲಿಲ್ಲ.

ಗಿಡ ನೋಡಿ ತಿಳಿಯುವಂತಿರಲಿಲ್ಲ. ಎರಡಕ್ಕೂ ಒಂದೇ ಎಲೆ, ಒಂದೇ ಕಾಂಡ. ಹೂ ಬಿಟ್ಟರಷ್ಟೇ ಗುರುತು. ಕೆಂಪಾದರೆ ಬದುಕಿದಳು.

ಬಿಳಿ ಅಂಚಿನದಾದರೆ ರೇಣುಕಪ್ಪ ಇದ್ದ. ಶೃಂಗೇರಿಯ ಈ ಪೈಪ್ ಜೋಡಿಸುವವನು ವಾರಕ್ಕೊಮ್ಮೆ ಸಾಮಾನು ಒಯ್ಯಲು ಬರುತ್ತಿದ್ದ, ಬಂದರೆ ಮನೆಗೂ ಬಂದು ಕಾಫಿ ಕುಡಿಯುತ್ತಿದ್ದ. ಹೋದ ಮಳೆಗಾಲ ನೀಲಾಂಬಿಕೆಯ ಮನೆಗೆ ಪೈಪ್ ಹಾಕುವಾಗ ಆ ಹೂ ಕಂಡವನು ಅವನೇ. ಅವನ ಬಾಯಿಗೆ ಬಿದ್ದ ಸುದ್ದಿ ಅವನಿಗಿಂತ ಮೊದಲು ಬಸ್ಸು ಹತ್ತುತ್ತಿತ್ತು.

ಗಿಡ ಕೀಳೋಣವೆಂದರೆ ಜಯದೇವಪ್ಪ ಅದಕ್ಕೆ ಕೋಲು ನೆಟ್ಟು ಕಟ್ಟಿದ್ದ. ಮೊಗ್ಗು ಚಿವುಟಿದರೆ ಆ ಜಾಗದಲ್ಲಿ ಎರಡು ಕವಲು ಒಡೆದು ಇನ್ನಷ್ಟು ಮೊಗ್ಗು ಬರುತ್ತಿದ್ದವು. ಕದ್ದ ಗಿಡ ಚೆನ್ನಾಗಿ ಬರುತ್ತದೆ ಎಂಬ ಮಾತು ಅಷ್ಟೊಂದು ನಿಜವಾಗಬಾರದಿತ್ತು.

ಅವಳಿಗೆ ಬಿಡುವೆಂದರೆ ತಿಂಗಳಿಗೊಮ್ಮೆ, ಜಯದೇವಪ್ಪ ಶೃಂಗೇರಿ ಕಡೆ ಪಂಪು ರಿಪೇರಿಗೆ ಹೋಗುವ ದಿನ. ಆ ದಿನ ಧೈರ್ಯವಾಗಿ ಚಿವುಟುತ್ತಿದ್ದಳು. ಅವನೂ ಸಂಜೆ ಬಂದವನು ಹಸಿವಿಲ್ಲವೆಂದು ಸುಮ್ಮನೆ ಮಲಗುತ್ತಿದ್ದ. ಯಾರದೋ ಪಂಪು ಕೆಟ್ಟಿದೆ ಎಂದು ಹೋದ ವರ್ಷ ಗೌರಿ ಹಬ್ಬದ ದಿನವೂ ಹೋಗಿದ್ದ. ಹಬ್ಬದ ದಿನವೂ ಇದೇ ಗೋಳಾ ಎಂದು ಅವಳು ಬೈದಿದ್ದಳು.

ಈ ವರ್ಷದ ಗೌರಿಯೂ ಹತ್ತಿರ ಬಂತು. ಎಲೆಯ ಮರೆಯಲ್ಲಿ ಒಂದು ಮೊಗ್ಗು ಅವಳ ಕಣ್ಣು ತಪ್ಪಿಸಿ ದಪ್ಪಗಾಗಿತ್ತು. ಕಂಡದ್ದು ಜಯದೇವಪ್ಪನಿಗೆ.

“ನಾಳೆ ಅರಳ್ತದೆ. ಯಾವ ಬಣ್ಣ ಅಂತ ನೋಡೇಬಿಡುವ,” ಎಂದು ಅವಳ ಮುಖವನ್ನೇ ನೋಡಿದ.

ಬೆಳಗಾಗುವ ಮುನ್ನ ಕೊಯ್ದುಬಿಡಬೇಕೆಂದು ನಾಗವೇಣಿ ಕತ್ತರಿ ಹಿಡಿದು ಬಾಗಿಲು ತೆಗೆದಳು. ಜಗಲಿಯಲ್ಲಿ ಜಯದೇವಪ್ಪ ಆಗಲೇ ಕೂತಿದ್ದ. ಪಕ್ಕದಲ್ಲಿ, ಮೊದಲ ಬಸ್ಸಿಗೇ ಬಂದಿಳಿದ ರೇಣುಕಪ್ಪ.

“ಕಾಫಿ ಮಾಡೇ,” ಎಂದ ಗಂಡ. ಕತ್ತರಿಯ ಬಗ್ಗೆ ಏನೂ ಕೇಳಲಿಲ್ಲ.

ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಬೆಳಕಾಗಿತ್ತು. ಹೂ ಅರಳಿತ್ತು. ಕಡುಗೆಂಪು, ಪ್ರತಿ ಎಸಳಿಗೂ ಬಿಳಿ ಅಂಚು. ಎಷ್ಟು ಚೆಂದವಿತ್ತೆಂದರೆ ಅವಳಿಗೆ ಅಳು ಬಂತು.

ರೇಣುಕಪ್ಪ ಅಂಗಳಕ್ಕಿಳಿದು ಹೂವಿನ ಹತ್ತಿರ ಬಗ್ಗಿದ. “ಜಯಣ್ಣ, ಬೇಜಾರು ಮಾಡ್ಕೊಬೇಡ. ಇದು ಬೇಗಾರಿನ ನೀಲಾಂಬಿಕಕ್ಕನ ಮನೇದಲ್ವಾ? ನಮ್ಮ ಕಡೆ ಇಂಥದ್ದು ಬೇರೆಲ್ಲೂ ಇಲ್ಲ.”

ನರಸಿಂಹರಾಜಪುರದ ತವರಿಗೆ ಬಸ್ಸು ಎಷ್ಟು ಹೊತ್ತಿಗೆಂದು ನಾಗವೇಣಿಯ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಜಯದೇವಪ್ಪ ಹೂವನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಅವಳ ಕೈಯಿಂದ ಲೋಟ ತೆಗೆದುಕೊಂಡು ರೇಣುಕಪ್ಪನ ಕಡೆ ತಿರುಗಿದ.

“ಎಂತ ಹೇಳ್ತೀಯ ಮಾರಾಯ, ಅವಳ ಬಚ್ಚಲ ಹಿಂದಿನದಕ್ಕೆ ಅಂಚು ಇಷ್ಟು ಅಗಲ ಇಲ್ಲ, ಹೋದ ಗೌರಿಗೆ ಬಾಗಿನ ಕೊಡೋಕೆ ಹೋದಾಗ ನಾನೇ ನೋಡಿದ್ದೀನಲ್ಲ.”