ನಂಬರು ಮಾತ್ರ ಸಾಕು

"ಹಾಲವ್ವಕ್ಕಾ, ಇಲ್ಲಿ ನಿಮ್ಮ ಲೈಸೆನ್ಸ್ ನಂಬರ್ ಬರೆದು ಸಹಿ ಮಾಡ್ರಿ. ಬಸ್, ಅಷ್ಟೇ," ಎಂದು ಮಾಧುರಿ ಅರ್ಜಿಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದಳು. ಮುಂಬೈನ ಪವಾಯಿಯ ಆ ಹೌಸಿಂಗ್ ಸೊಸೈಟಿಗೆ ಅವಳು ಸೆಕ್ರೆಟರಿ. ತವರು ಧಾರವಾಡವಾದರೂ ಕೆಲಸ ಬಿದ್ದಾಗ ಮಾತ್ರ ಅವಳ ಬಾಯಿಗೆ ಕನ್ನಡ ಬರುತ್ತಿತ್ತು.

ಹಾಲವ್ವ ಅರ್ಜಿಯನ್ನು ನಿಧಾನವಾಗಿ ಓದಿದಳು. ಮಳೆಗಾಲಕ್ಕೆ ಮೊದಲು ಕಾಂಪೌಂಡಿನ ಮರಗಳ ಕೊಂಬೆ ಕಡಿಯಲು ಮಹಾನಗರ ಪಾಲಿಕೆಯ ಅನುಮತಿ ಬೇಡುವ ಅರ್ಜಿ. ಹನ್ನೊಂದು ವರ್ಷ ಈ ಸೊಸೈಟಿಯ ಹುಲ್ಲುಹಾಸು, ಹೂಗಿಡ, ಮರ ಎಲ್ಲವನ್ನೂ ಗುತ್ತಿಗೆ ಹಿಡಿದು ನೋಡಿಕೊಂಡವಳು ಅವಳೇ. ಹೋದ ತಿಂಗಳು ಕಮಿಟಿಯವರು ಅವಳ ಕೊಟೇಶನ್ ಬದಿಗಿಟ್ಟು, ಅದರ ಅರ್ಧಕ್ಕೆ ಒಪ್ಪಿದ ಅಮೋಲ್ ಎಂಬ ಗುತ್ತಿಗೆದಾರನಿಗೆ ಕೆಲಸ ಕೊಟ್ಟಿದ್ದರು.

"ಕೆಲಸ ಅಮೋಲ್‌ಗ ಕೊಟ್ಟೀರಿ. ನಂಬರು ನಂದ್ಯಾಕ್ರಿ?"

"ಅವರ ಹತ್ರ ಗಿಡ ಕಡಿಯೋ ಲೈಸೆನ್ಸ್ ಇಲ್ಲ. ಫಾರ್ಮ್ ಒಳಗ ಕಂಪಲ್ಸರಿ ಅದ. ನಂಬರ್ ಮಾತ್ರ ಸಾಕು, ಬಾಕಿ ಎಲ್ಲಾ ನಾವು ಸಂಭಾಳಿಸ್ತೀವಿ. ನಿಮಗೂ ಏನಾದ್ರೂ ಕೊಡ್ತೀವಿ."

ಹಾಲವ್ವ ಪೆನ್ನು ಮುಟ್ಟದೆ ಎದ್ದು ನಿಂತಳು. "ನನ್ನ ರೇಟು ಯಾಕ ಹೆಚ್ಚಂತ ಮೀಟಿಂಗಿನಾಗ ಎಲ್ಲಾರೂ ನಕ್ಕೊಂತ ಕೇಳಿದ್ರಿ. ವರ್ಷಾ ವರ್ಷಾ ಹಗ್ಗ ಬದಲಿ ಮಾಡ್ತೀನಿ, ಬೆಲ್ಟ್ ಬದಲಿ ಮಾಡ್ತೀನಿ. ಮ್ಯಾಲೆ ಹತ್ತೋ ಒಬ್ಬೊಬ್ಬನ ಹೆಸರಿಗೂ ವಿಮಾ ತುಂಬ್ತೀನಿ. ಈ ಲೈಸೆನ್ಸಿನ ಸಲುವಾಗಿ ಎಷ್ಟು ಅಡ್ಡಾಡೀನಿ ಅನ್ನೂದು ನನ್ನ ಚಪ್ಪಲಿಗೆ ಗೊತ್ತು. ಅದೆಲ್ಲಾ ನಿಮಗ ತುಟ್ಟಿ ಆತು. ಈಗ ಯಾರರೆ ಬಿದ್ದು ಸತ್ರ ಪೊಲೀಸರಿಗೆ ಹಿಡಿದು ಕೊಡಾಕ ನನ್ನ ಹೆಸರು ಸೋವಿ ಸಿಗತೈತೇನು?"

"ಯಾರೂ ಬೀಳೂದಿಲ್ಲ, ಅಕ್ಕಾ. ಸುಮ್ನೆ ದೊಡ್ಡದು ಮಾಡಬ್ಯಾಡ್ರಿ. ಕೆಲಸ ಮುಂಜಾನೆನೇ ಶುರು ಆಗೇದ."

ಹಾಲವ್ವ ದಡದಡನೆ ಮೆಟ್ಟಿಲಿಳಿದು ಹೊರಗೆ ಬಂದಳು. ಪಾರ್ಕಿಂಗ್ ಪಕ್ಕದ ಮಳೆಮರದ ಮೇಲೆ, ಮೂರನೆಯ ಮಹಡಿಯ ಎತ್ತರದಲ್ಲಿ, ಬರಿಗಾಲಿನ ಒಬ್ಬ ಮನುಷ್ಯ ಕೊಡಲಿ ಬೀಸುತ್ತಿದ್ದ. ಸೊಂಟಕ್ಕೆ ಬೆಲ್ಟಿರಲಿಲ್ಲ, ಟವೆಲು ಸುತ್ತಿಕೊಂಡಿದ್ದ. ಬೆನ್ನು ನೋಡಿಯೇ ಅವಳಿಗೆ ಗುರುತು ಸಿಕ್ಕಿತು. ಯಲ್ಲಾಲಿಂಗ. ಆರು ವರ್ಷ ಅವಳ ಕೈಕೆಳಗೆ ದುಡಿದವನು. ಈ ಗುತ್ತಿಗೆ ಕೈತಪ್ಪಿದ ವಾರವೇ ಅವಳು ನಾಲ್ಕು ಜನರನ್ನು ಕೆಲಸದಿಂದ ಬಿಡಿಸಬೇಕಾಗಿ ಬಂದಿತ್ತು. ಅವರಲ್ಲಿ ಇವನೂ ಒಬ್ಬ.

"ಯಲ್ಲಾಲಿಂಗಾ! ಇಳಿಯೋ ಮೊದಲ! ಹಗ್ಗ ಎಲ್ಲೈತೋ?"

"ಕೊಟ್ಟಿಲ್ರಿ ಅಕ್ಕಾರ. ಇದೊಂದು ಟೊಂಗಿ ಮುಗಿಸಿ ಇಳಿತೀನ್ರಿ."

ಬೈಕಿನ ಮೇಲೆ ಕುಳಿತಿದ್ದ ಅಮೋಲ್ ಫೋನನ್ನು ಕಿವಿಯಿಂದ ತೆಗೆಯದೆಯೇ, "ಅರೆ ಮೌಶಿ, ಅಬ್ ಯೇ ಮೇರಾ ಸೈಟ್ ಹೈ. ಆಪ್ ಜಾವೊ," ಎಂದು, ಈಗ ಇದು ತನ್ನ ಜಾಗ ಎಂಬಂತೆ ಗೇಟಿನ ಕಡೆ ಕೈ ತೋರಿಸಿದ.

ಅವಳು ಅವನ ಕಡೆ ತಿರುಗುವಷ್ಟರಲ್ಲಿ ಮೇಲೆ ಲಟಕ್ಕೆಂದಿತು. ಅರ್ಧ ಕಡಿದ ಕೊಂಬೆ ತೊಗಟೆಯನ್ನು ಸೀಳಿಕೊಂಡು ತೂಗಿ ಬಂದು ಯಲ್ಲಾಲಿಂಗನ ಭುಜಕ್ಕೆ ಬಡಿಯಿತು. ಅವನು ಕೆಳಗಿನ ಕೊಂಬೆಯನ್ನು ಹಿಡಿದ, ಕೈ ಜಾರಿತು. ಕಡಿದು ಹಾಕಿದ್ದ ಸೊಪ್ಪಿನ ರಾಶಿಯ ಮೇಲೆ ಬಿದ್ದ. ಅವನ ಹಿಂದೆಯೇ ಬಿದ್ದ ಕೊಂಬೆ ಒಂದು ಬಿಳಿ ಕಾರಿನ ಗಾಜನ್ನು ಪುಡಿ ಮಾಡಿತು.

ಕಾರಿನ ಅಲಾರಂ ಚೀರತೊಡಗಿತು. ಎರಡೇ ನಿಮಿಷದಲ್ಲಿ ಜನ ಸೇರಿದರು, ಕಾರಿನ ಸುತ್ತ. ಒಬ್ಬರು ಒಡೆದ ಗಾಜಿನ ಫೋಟೊವನ್ನು ನಾಲ್ಕೂ ಕಡೆಯಿಂದ ತೆಗೆದರು. ಸೊಪ್ಪು ಎಳೆದು ಹಾಕುತ್ತಿದ್ದವಳು ಹಾಲವ್ವ ಒಬ್ಬಳೇ. ಯಲ್ಲಾಲಿಂಗನ ಬಲಗೈ ಮೊಣಕೈಯ ಕೆಳಗೆ ಮುರಿದು ಜೋಲಾಡುತ್ತಿತ್ತು. ಅಮೋಲ್ ಬಾಗಿ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಬೈಕ್ ಹತ್ತಿ ಗೇಟು ದಾಟಿದ.

ಮಾಧುರಿ ಅರ್ಜಿ ಹಿಡಿದುಕೊಂಡೇ ಓಡಿ ಬಂದಳು. "ಅಕ್ಕಾ, ಪ್ಲೀಸ್, ನಿನ್ನೆ ತಾರೀಖು ಹಾಕಿ ಸಹಿ ಮಾಡ್ರಿ. ನಿಮ್ಮ ಇನ್ಶೂರನ್ಸ್ ಒಳಗ ಕಾರೂ ಕವರ್ ಆಗತದಲ್ಲಾ?"

ಕಾರು! ಹಾಲವ್ವ ಬಾಲ್ಕನಿಗಳಲ್ಲಿ ನಿಂತವರಿಗೂ ಕೇಳುವಂತೆ ಕೂಗಿದಳು: "ಅಲ್ಲಿ ನಿಮ್ಮ ಹೆಸರು ಬರ್ಕೋರಿ ಮೇಡಂ! ಈ ಮನಿಶ್ಯಾನ್ನ ಹಗ್ಗ ಇಲ್ಲದ ಮ್ಯಾಲೆ ಹತ್ತಿಸಿದವರು ನೀವು. ನಾ ಅಲ್ಲ!"

ಕಾರು ಚೀರುತ್ತಲೇ ಇತ್ತು.

ವಾಚ್‌ಮನ್‌ನ ಸಹಾಯದಿಂದ ಹಾಲವ್ವ ಯಲ್ಲಾಲಿಂಗನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಟಳು. ಸೆರಗನ್ನು ಹರಿದು ಅವನ ಕೈಗೆ ಜೋಳಿಗೆ ಕಟ್ಟಿದಳು.

"ಮೊದಲ ದವಾಖಾನಿ. ಅಲ್ಲಿಂದ ಸೀದಾ ಪೊಲೀಸ್ ಸ್ಟೇಷನ್. ಅಮೋಲ್‌ನ್ನೂ ಬಿಡೂದಿಲ್ಲ, ಆಕೀನ್ನೂ ಬಿಡೂದಿಲ್ಲ."

ನೋವಿಗೆ ಹಲ್ಲು ಕಚ್ಚಿಕೊಂಡಿದ್ದ ಯಲ್ಲಾಲಿಂಗ ಎಡಗೈಯಿಂದ ಅವಳ ಮೊಣಕೈ ಹಿಡಿದ.

"ಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲು ಬೀಳ್ತೀನಿ. ಅವನ ಹೆಸರು ಹೇಳಬ್ಯಾಡ್ರಿ. ಬೊರಿವಲಿಯೊಳಗ ನಲವತ್ತು ಗಿಡ ಕಡಿಯೋ ಗುತ್ತಿಗಿ ಹಿಡದಾನಂತ. ನನ್ನ ಕೈ ನೆಟ್ಟಗಾಗೂತನಾ ನನ್ನ ತಮ್ಮನ್ನ ಹತ್ತಿಸ್ತೀನಂತ ಮಾತು ಕೊಟ್ಟಾನ."