ಹಳದಿ ರವಿಕೆಯ ಕುಚ್ಚು

ಪ್ರೇಮ್‌ಕುಮಾರ್ ಕೊನೆಗೂ ಪತ್ತೆ ಹಚ್ಚಿಕೊಂಡು ಬಂದಿದ್ದ. ನರಸೀಪುರದ ಟೈಲರ್ ಅಂಗಡಿಯೆದುರು ಬೈಕ್ ಅಡ್ಡ ನಿಲ್ಲಿಸಿ, ಒಳಗಿದ್ದ ಹೆಂಡತಿಯನ್ನು ನೋಡಿ ನಗುತ್ತಿದ್ದ.

"ಹಳದಿ ರವಿಕೆ ಕುಚ್ಚು ಸಕತ್ತಾಗದೆ ಕಣಮ್ಮಿ. ಮಗೀಗೂ ಅಸ್ರು ಕೊಡೆ ಕೊಡ್ಸಿದ್ದೀಯ. ನಂಗೆಲ್ಲಾ ಗೊತ್ತಾಯ್ತದೆ. ಮರ್ವಾದೆಯಾಗಿ ಮನೆಗ್ ನಡಿ."

ಗಿರಾಕಿಗಳು ಗುಂಪುಗೂಡಿದ ಮೇಲೆ ಹೊರಟುಹೋದ. ಯಶೋಧರಾ ಚೀಲದೊಳಗೆ ಮಡಚಿಟ್ಟಿದ್ದ ಹಳದಿ ರವಿಕೆಯನ್ನು ತೆಗೆದು ನೋಡಿದಳು. ಹೊಲಿದ ರವಿಕೆಗಳನ್ನೆಲ್ಲ ಫೋಟೊ ತೆಗೆದಿಟ್ಟು ಗಿರಾಕಿಗಳಿಗೆ ತೋರಿಸುವುದು ಅವಳ ರೂಢಿ. ಈ ಹಳದಿಯದನ್ನು ಇನ್ನೂ ಯಾರಿಗೂ ತೋರಿಸಿರಲಿಲ್ಲ. ಕಂಡಿದ್ದವಳು ಪಕ್ಕದ ಮಿಷನ್ನಿನ ಕವನ ಒಬ್ಬಳೇ.

ಗಂಡ ಹೊಡೆದು ಹಲ್ಲು ಮುರಿದ ಮಾರನೆಯ ಬೆಳಗ್ಗೆ ಅವಳು ಮಗಳನ್ನೆತ್ತಿಕೊಂಡು ನಂಜನಗೂಡು ಬಿಟ್ಟಿದ್ದಳು. ಬಸ್ಸು ಹತ್ತಿಸಿದವರು ಮಾವ ಪುಟ್ಟಬಸವಯ್ಯ.

"ಓಗು ಮಗಾ. ಎಲ್ಲಿದ್ದೀಯ ಅಂತ ನಂಗೂ ಯೋಳ್ಬೇಡ. ಗೊತ್ತಿದ್ರೆ ಬಾಯ್ಬುಟ್ಬುಡ್ತೀನಿ."

ಆ ಮನೆಯಲ್ಲಿ ಅವಳನ್ನು ಮನುಷ್ಯಳಂತೆ ಕಂಡವರು ಅವರೊಬ್ಬರೇ. ಜಾಡು ಸಿಗದಿರಲೆಂದು ಅವಳು ಸಿಮ್ ಕಿತ್ತೆಸೆದು, ಫೋನಿಗೆ ಮಾವನ ಸಿಮ್ ಹಾಕಿ ಅವರಿಗೇ ಕೊಟ್ಟಿದ್ದಳು. ಸಂಜೆ ಹೊತ್ತು ಅವರು ಅದರಲ್ಲೇ ತತ್ವಪದ ಕೇಳುತ್ತಿದ್ದರು. ಹಾಡುಗಳು ಅಳಿಸಿಹೋದಾವೆಂದು ಅವಳು ಅದರಿಂದ ಏನನ್ನೂ ತೆಗೆದಿರಲಿಲ್ಲ. ನರಸೀಪುರದಲ್ಲಿ ಹೊಸ ಫೋನ್ ಕೊಂಡಾಗ ಅಂಗಡಿಯವನು ಅವಳ ಹಳೆಯ ಜಿಮೇಲನ್ನೇ ಹಾಕಿದ. ಹಳೆಯ ಫೋನಿನಲ್ಲಿದ್ದ ಮಗಳ ಮೊದಲ ಹುಟ್ಟುಹಬ್ಬದ ಫೋಟೊಗಳೂ ತಾವಾಗಿಯೇ ಬಂದುಬಿಟ್ಟವು. ಅವಳಿಗೆ ಕಣ್ತುಂಬಿ ಬಂದಿತ್ತು.

ಉಳಿಯಲು ಜಾಗ ಕೊಟ್ಟವಳು, ಕೆಲಸ ಕೊಡಿಸಿದವಳು ಕವನ. ಅವಳೇ ಹೀಗೆ ಮಾಡುವುದೇ?

"ಅವನ್ಗೆ ಯಾಕೇ ಯೋಳ್ದೆ?"

"ನನ್ ಮಕ್ಳಾಣೆಗೂ ನಾನಲ್ಲ ಕಣಕ್ಕಾ!"

"ಇನ್ಯಾರು, ಗೋಡೆ ಯೋಳ್ತಾ? ಅನ್ನ ಇಕ್ಬುಟ್ಟು ಕತ್ ಕುಯ್ದಲ್ಲೇ!"

ಕವನ ಅಳುತ್ತಾ ಬಾಗಿಲವರೆಗೆ ಬಂದಳು. ಯಶೋಧರಾ ತಿರುಗಿಯೂ ನೋಡಲಿಲ್ಲ. ಗಂಡನ ಏಟಿಗಿಂತ ಈ ಮೋಸ ಹೆಚ್ಚು ಉರಿಯುತ್ತಿತ್ತು.

ಯಾರಿಗೂ ಹೇಳದೆ ಮುಡುಕುತೊರೆಗೆ ಬಂದಳು. ನೀಲಿ ಬಾಗಿಲಿನ ಒಂದು ಕೋಣೆ ಸಿಕ್ಕಿತು. ಬೆಳಗ್ಗೆ ಮಗಳು ಹಸಿರು ಕೊಡೆ ಬಿಚ್ಚಿ ಹೊಸ್ತಿಲಲ್ಲಿ ನಿಂತು ಕುಣಿದಳು. ಅಷ್ಟು ದಿನಗಳ ಮೇಲೆ ಮಗು ನಕ್ಕಿತ್ತು. ಯಶೋಧರಾ ಒಂದು ಫೋಟೊ ತೆಗೆದಳು. ಊರ ಹೆಸರಿದ್ದ ಪಕ್ಕದ ಅಂಗನವಾಡಿಯ ಬೋರ್ಡೂ ಅದರಲ್ಲಿ ಬಂತು.

ಮಧ್ಯಾಹ್ನ ಮನಸ್ಸು ತಡೆಯದೆ, ಹೊಸ ಸಿಮ್ಮಿನಿಂದ ಮಾವನಿಗೆ ಫೋನ್ ಮಾಡಿದಳು. ಎಲ್ಲಿದ್ದೇನೆಂದು ಹೇಳಲಿಲ್ಲ. ಅವರೂ ಕೇಳಲಿಲ್ಲ.

"ಚೆನ್ನಾಗಿದ್ದೀರಾ ಮಾವ?"

"ನಂಗೇನಾಗದೆ ಮಗಾ. ನೀಲಿ ಬಾಗ್ಲು ಮನೆ ಚೆಂದಾಗದೆ ಕಣವ್ವಾ. ಅಲ್ಲಿಗೋದ್ರೂ ಮರೀದೆ ನೀ ಕೊಟ್ಟ ಫೋನ್ಗೆ ದಿನಾ ಪಟ ಕಳುಸ್ತೀಯಲ್ಲ, ಅದೇ ಸಾಕು. ಪ್ರೇಮನ್ ಮನ್ಸು ಕರಗ್ಲಿ ಅಂತ ಅವನ್ಗೂ ತೋರ್ಸ್ತೀನಿ. ಇವತ್ತು ಮಗೀನ ನೋಡಿ ಕಣ್ಣೀರಾಕ್ದ. ಈಗ್ತಾನೆ ಬೈಕತ್ಕಂಡು ಅತ್ಲಾಗೇ ಬತ್ತಾವ್ನೆ."

ಯಶೋಧರಾ ಮಾವನಿಗೆ ಇದುವರೆಗೆ ಒಂದೇ ಒಂದು ಫೋಟೊ ಕಳುಹಿಸಿರಲಿಲ್ಲ. ತನ್ನ ಫೋನಿನಲ್ಲಿ ತನಗಾಗಿ ತೆಗೆದಿಟ್ಟುಕೊಂಡಿದ್ದಳು, ಅಷ್ಟೇ.