ನಾಲ್ಕನೆಯ ದಿನವೂ ನಡೆದ ಗಡಿಯಾರ

ಹನುಮಂತಮ್ಮ ಗಡಿಯಾರ ಬಿಚ್ಚಿ ಕೊಡಲಿಲ್ಲ. ಕಟ್ಟಿಕೊಂಡಿದ್ದ ಕೈಯನ್ನೇ ಅಂಗಡಿಯ ಗಾಜಿನ ಮೇಜಿನ ಮೇಲೆ ಚಾಚಿದಳು. "ಇದು ನೀವು ಮಾಡಿದ್ದಲ್ರಿ ಸಾಬ್ರ?"

ಗುಲಾಮ್ ದಸ್ತಗೀರ್ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದ. ಕಪ್ಪು ಮುಖ, ಕನ್ನಡದ ಅಂಕಿ. ತನ್ನದೇ ಗಡಿಯಾರ. ರಾಯಚೂರಿನ ಬಜಾರಿನಲ್ಲಿ ಮೂವತ್ತು ವರ್ಷ ಕಂಡವರ ಗಡಿಯಾರಕ್ಕೆ ಸೆಲ್ ಹಾಕಿ ಬದುಕಿದವನು, ಅರವತ್ತು ಹತ್ತಿರವಾದ ಮೇಲೆ ಹಟ ಹಿಡಿದು ಎಂಟು ಗಡಿಯಾರ ತಾನೇ ಕಟ್ಟಿದ್ದ. ಅವೂ ಎಂಥವು, ನೀರಿನಾಳಕ್ಕೆ ಇಳಿಯುವವರು ಕಟ್ಟಿಕೊಳ್ಳುವಂಥವು. ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ಊರಿನಲ್ಲಿ ಇದೇನು ಹುಚ್ಚು ಎಂದು ಪಕ್ಕದ ಅಂಗಡಿಯವರು ನಕ್ಕಿದ್ದರು. ಮೊದಲನೆಯದನ್ನು ಪರೀಕ್ಷೆಗೆಂದು ಹೊಳೆದಂಡೆಯ ಗೂಗಲ್ ಊರಿನ ಆಂಜನೇಯ ಎಂಬವನಿಗೆ ಸುಮ್ಮನೆ ಕೊಟ್ಟಿದ್ದ. ಕೃಷ್ಣೆಯಲ್ಲಿ ಮುಳುಗಿ ರೈತರ ಪಂಪುಗಳಿಗೆ ಸಿಕ್ಕಿಕೊಂಡ ಕಸ ಬಿಡಿಸುವುದು ಅವನ ಕಸುಬು. ಎರಡು ವಾರದ ಹಿಂದೆ ಅದೇ ಕೆಲಸಕ್ಕೆ ಇಳಿದವನು ಮೇಲೆ ಬರಲಿಲ್ಲ. ಸುದ್ದಿ ಮುಟ್ಟಿದರೂ ಮಣ್ಣಿಗೆ ಹೋಗಲು ದಸ್ತಗೀರನಿಗೆ ಧೈರ್ಯ ಸಾಲಲಿಲ್ಲ. ಈಗ ತಾಯಿಯೇ ಬಂದು ನಿಂತಿದ್ದಳು.

"ಕೂಡ್ರಿ ಯವ್ವಾ."

"ಕೂಡಾಕ ಬಂದಿಲ್ರಿ. ಇದಕ್ಕ ಕೀಲಿ ಬ್ಯಾಡ, ಸೆಲ್ ಬ್ಯಾಡ, ಕೈ ಆಡಿದ್ರ ನಡೀತದ, ಬಿಚ್ಚಿಟ್ರ ಎರಡು ದಿನಕ್ಕ ನಿಲ್ತದ ಅಂತ ನನ್ನ ಮಗಗ ಹೇಳಿದ್ರಂತ. ಖರೇ ಏನ್ರಿ?"

"ಖರೇ ಯವ್ವಾ."

"ಅವ ಮುಳುಗಿದ್ದು ಸೋಮವಾರ ಮುಂಜಾನಿ. ಸಿಕ್ಕಿದ್ದು ಗುರುವಾರ, ಹೊತ್ತೇರಿದ ಮ್ಯಾಲ. ಆವಾಗೂ ಇದು ನಡ್ಯಾಕತ್ತಿತ್ತು." ಅವಳ ದನಿ ಏರಲಿಲ್ಲ. "ಹಂಗಾರ ಮಂಗಳವಾರದ ತನಕ ಅವನ ಕೈ ಆಡ್ಯದ. ಅವ ಸಿಕ್ಕ ಬಂಡಿಗಲ್ಲಿನ ಬುಡಕ ಗವಿ ಅದಾವ, ಅದರಾಗ ಗಾಳಿ ಇರ್ತದಂತ. ಅಲ್ಲಿ ಕುಂತು ನಮ್ಮ ದಾರಿ ನೋಡ್ಯಾನ. ಸೋಮವಾರ ಸಂಜಿಗೆ ಹುಡುಕೋದು ನಿಲ್ಲಸ್ರಿ ಅಂದಾಕಿ ನಾನು."

ಅವಳು ಹಾಗೆಂದಿದ್ದು ಮೈದುನ ಯಮನೂರಪ್ಪನಿಗೆ. ಮುಳುಗಿ ಮುಳುಗಿ ಅವನ ಮೂಗಿನಿಂದ ರಕ್ತ ಇಳಿಯುವುದನ್ನು ನೋಡಲಾರದೆ, ಮನೆಯಲ್ಲಿ ಒಬ್ಬ ಹೋದದ್ದು ಸಾಕು ಎಂದು ಅವನ ತೋಳು ಹಿಡಿದು ದಡಕ್ಕೆ ಎಳೆದಿದ್ದಳು.

"ನೀರಾಗ ಮನಷ್ಯಾ ಅಷ್ಟೊತ್ತು ಉಳಿಯಂಗಿಲ್ಲ ಯವ್ವಾ. ಡಾಕ್ಟರು ಹೇಳಲಿಲ್ಲೇನು?"

"ಅವರೂ ಹಂಗ ಅಂದ್ರು. ಎಲ್ಲಾರೂ ನನ್ನ ಸಮಾಧಾನಕ್ಕ ಹೇಳ್ತಾರ. ಗಡಿಯಾರಕ್ಕ ಸಮಾಧಾನ ಹೇಳಾಕ ಬರಂಗಿಲ್ಲ."

ಹೊಳೆಯ ಸೆಳವಿಗೆ ಕೈ ಆಡಿ ಗಡಿಯಾರ ನಡೆದಿರಬೇಕು ಎಂಬ ಮಾತು ದಸ್ತಗೀರನ ನಾಲಿಗೆಯ ತುದಿಗೆ ಬಂತು. ಆಡಲಿಲ್ಲ. ಆಡಿದ್ದರೆ ಅದೂ ಒಂದು ಸಮಾಧಾನದ ಮಾತಾಗುತ್ತಿತ್ತು, ಮೇಲಾಗಿ ಅದು ನಿಜವೋ ಅಲ್ಲವೋ ಅವನಿಗೇ ಗೊತ್ತಿರಲಿಲ್ಲ. ತನ್ನ ಗಡಿಯಾರಗಳನ್ನು ಅವನು ಪರೀಕ್ಷಿಸಿದ್ದು ಮಾನ್ವಿಯಲ್ಲಿ, ಹೆಂಡತಿಯ ತಮ್ಮನ ಹೊಲದ ಬಾವಿಯಲ್ಲಿ. ಕಲ್ಲು ಕಟ್ಟಿ ಇಳಿಬಿಟ್ಟಿದ್ದ. ನಿಂತ ನೀರಿನಲ್ಲಿ ಎರಡನೆಯ ದಿನಕ್ಕೆ ಸರಿಯಾಗಿ ನಿಂತಿದ್ದವು. ಅಷ್ಟಕ್ಕೇ ಎಲ್ಲ ತಿಳಿಯಿತೆಂದು ಹೊಳೆಗೆ ಇಳಿಯುವವನಿಗೆ ಲೆಕ್ಕ ಹೇಳಿದ್ದ, ಬಾವಿಯ ಕಪ್ಪೆ.

"ನನಗ ಗೊತ್ತಿಲ್ಲ ಯವ್ವಾ," ಎಂದ. "ಹೊಳಿಗೇ ಕೇಳೋಣು ನಡೀರಿ." ಡ್ರಾಯರಿನಿಂದ ಅಂಥದೇ ಇನ್ನೊಂದು ಗಡಿಯಾರ ತೆಗೆದುಕೊಂಡು ಅಂಗಡಿಯ ಶಟರ್ ಎಳೆದ.

ಗೂಗಲ್ ಮುಟ್ಟಿದಾಗ ಹೊತ್ತು ವಾಲಿತ್ತು. ಯಮನೂರಪ್ಪ ತೋಳುದ್ದದ ಜಾಲಿ ಕೋಲು ತಂದ. ದಸ್ತಗೀರ್ ಅದರ ತುದಿಗೆ ಗಡಿಯಾರ ಕಟ್ಟಿದ. ಬಸ್ಸಿನ ಕುಲುಕಾಟಕ್ಕೆ ಅದು ಆಗಲೇ ನಡೆಯುತ್ತಿತ್ತು. "ಈಗ ಎರಡು ದಿನಕ್ಕ ಸಾಕಾಗೋಷ್ಟು ಶಕ್ತಿ ಅದರಾಗ ಅದ," ಎಂದು ಮುಚ್ಚುಮರೆಯಿಲ್ಲದೆ ಹೇಳಿದ. "ಇವತ್ತು ಸೋಮವಾರ. ಗುರುವಾರ ಇದೇ ಹೊತ್ತಿಗೆ ತೆಗೆಯೋಣು. ನಿಂತಿದ್ರ ನಿಮ್ಮ ಮಾತು ಖರೇ. ನಡೆದಿದ್ರ ನಡಿಸಿದ್ದು ಹೊಳಿ." ಆಂಜನೇಯ ಸಿಕ್ಕ ಬಂಡೆಗೇ ಯಮನೂರಪ್ಪ ಮುಳುಗಿ ಕೋಲಿನ ಇನ್ನೊಂದು ತುದಿಯನ್ನು, ತೋಳಿನ ಹಾಗೆ ಆಡುವಂತೆ, ಹಗ್ಗದಿಂದ ಕಟ್ಟಿ ಬಂದ.

ಆ ಮೂರು ದಿನ ದಸ್ತಗೀರ್ ಅಂಗಡಿಯಲ್ಲಿ ಕೂತರೂ ಕೆಲಸ ಹತ್ತಲಿಲ್ಲ. ನಮಾಜಿನಲ್ಲೂ ಗಡಿಯಾರದ್ದೇ ಧ್ಯಾನ. ತಾನು ಕಟ್ಟಿದ ಒಂದು ಗಡಿಯಾರ ನಿಲ್ಲದಿರಲಿ ಎಂದು ಈ ಮುದುಕ ಹಿಂದೆಂದೂ ದೇವರಲ್ಲಿ ಬೇಡಿಕೊಂಡವನಲ್ಲ.

ಗುರುವಾರ ಯಮನೂರಪ್ಪ ಕೋಲನ್ನು ಮೇಲೆ ತಂದ. ತಾನೂ ನೋಡಲಿಲ್ಲ, ದಸ್ತಗೀರನಿಗೂ ತೋರಿಸಲಿಲ್ಲ. ನೀರು ಸೋರುತ್ತಿದ್ದ ಹಾಗೆಯೇ ಅತ್ತಿಗೆಯ ಕೈಗೆ ಕೊಟ್ಟ. ಹನುಮಂತಮ್ಮ ಅದನ್ನು ಕಿವಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು.

"ನಡ್ಯಾಕತ್ತದ," ಎಂದಳು. ಆಮೇಲೆ ದಸ್ತಗೀರನ ಮುಖ ನೋಡಿದಳು. "ಹಂಗಾರ ನನ್ನ ಮಗ ಸೋಮವಾರನ ಸತ್ತಾನ."

"ಹೌದು ಯವ್ವಾ. ಸೋಮವಾರನ."

ಮಗ ಬೇಗ ಸತ್ತನೆಂದು ತಾಯಿಯ ಮುಖ ಹಗುರಾಗುವುದನ್ನು ದಸ್ತಗೀರ್ ಅವತ್ತು ಕಂಡ. ಯಮನೂರಪ್ಪ ಹಸಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕಲ್ಲಿನ ಮೇಲೆ ಕೂತುಬಿಟ್ಟ. ಹನುಮಂತಮ್ಮ ತನ್ನ ಮಣಿಕಟ್ಟಿನ ಗಡಿಯಾರ ಬಿಚ್ಚಿದಳು. ನಿಂತುಬಿಟ್ಟೀತೆಂದು ನಿದ್ದೆಯಲ್ಲೂ ತೆಗೆಯದೆ ಇಟ್ಟುಕೊಂಡಿದ್ದಳು ಅದನ್ನು. ಬಂಡೆಯ ಮೇಲೆ ಅಲ್ಲಾಡದ ಹಾಗೆ ಮೆಲ್ಲಗೆ ಇಟ್ಟಳು. ಎತ್ತಿಕೊಳ್ಳಲು ದಸ್ತಗೀರ್ ಕೈ ಚಾಚಿದ.

"ಮುಟ್ಟಬ್ಯಾಡ್ರಿ ಸಾಬ್ರ," ಎಂದಳು ಅವಳು. "ಇನ್ನ ನಿಲ್ಲಲಿ ಅದು."